ಬಕೆಟ್ಟಿನ ಎಲಚಿ ಗಿಡ

ನಮ್ಮ ಮನೆಯ ಜಗಲಿ ಪಕ್ಕದಲ್ಲಿ ಒಂದು ಎಲಚಿ ಗಿಡವಿದೆ. ಅದು ನೆಲದಲ್ಲಿಲ್ಲ, ಬಣ್ಣದ ಖಾಲಿ ಬಕೆಟ್ಟಿನಲ್ಲಿದೆ. ನೋಡಿದವರೆಲ್ಲ "ಬೇಲೀಲಿ ಬೆಳೆಯೋ ಮುಳ್ಳುಗಿಡಾನ ಯಾರಾದ್ರೂ ಬಕೆಟ್ಟಲ್ಲಿ ಸಾಕ್ತಾರಾ?" ಎಂದು ನಗುತ್ತಾರೆ. ಆ ಗಿಡದ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ನನ್ನದೊಂದು ತಪ್ಪೂ ಇದೆ.

ನಾನು ಐದನೇ ತರಗತಿಯಲ್ಲಿದ್ದಾಗ ನನ್ನ ತಮ್ಮನಿಗೆ ಐದು ವರ್ಷ. ಆ ಸಂಕ್ರಾಂತಿಯಲ್ಲಿ ಅವನನ್ನು ಮಣೆ ಮೇಲೆ ಕೂರಿಸಿ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎಲ್ಲಾ ಸೇರಿಸಿ ತಲೆ ಮೇಲೆ ಎರೆದರು. ಹಣ್ಣು ನಮ್ಮ ಹೊಲದ ಬದುವಿನಲ್ಲಿದ್ದ ಮರದ್ದು. ನಾವಿಬ್ಬರೂ ಆರಿಸಿಕೊಂಡು ತಿಂದೆವು. ಅಜ್ಜಿ "ಬೀಜ ಬಿಸಾಕಬೇಡಿ, ಹಾಕಿ ನೋಡಿ" ಅಂದಳು. ಎಲಚಿ ಬೀಜದ ಚಿಪ್ಪು ಕಲ್ಲಿನ ಹಾಗೆ ಗಟ್ಟಿ. ಹಾಗೇ ಹಾಕಿದರೆ ಮೊಳಕೆ ಬರಲು ಬಹಳ ದಿನ ಬೇಕು. ಅದಕ್ಕೆ ಅಜ್ಜಿ ಕಲ್ಲಿನಿಂದ ಮೆಲ್ಲಗೆ ತಟ್ಟಿ ಚಿಪ್ಪು ಬಿರುಕು ಬಿಡಿಸಿ ಕೊಟ್ಟಳು.

ಮನೆಗೆ ಬಣ್ಣ ಹೊಡೆದಾಗ ಉಳಿದಿದ್ದ ಎರಡು ಬಿಳಿ ಬಕೆಟ್ಟು ಇದ್ದವು. ಎಡಗಡೆಯದು ತಮ್ಮನದು, ಬಲಗಡೆಯದು ನನ್ನದು. ತಮ್ಮ ಚಿಕ್ಕವನೆಂದು ಅವನ ಬಕೆಟ್ಟಿನ ತಳಕ್ಕೆ ಅಜ್ಜಿಯೇ ಕಾಸಿದ ಕಂಬಿಯಿಂದ ನಾಲ್ಕು ತೂತು ಮಾಡಿದಳು. ನನಗೂ ಮಾಡಿಕೊಡ್ತೀನಿ ಅಂದಳು. "ನಂದು ನಾನೇ ಮಾಡ್ಕೋತೀನಿ" ಅಂದೆ. ಆಮೇಲೆ ಮರೆತು ಹಾಗೇ ಮಣ್ಣು ತುಂಬಿಬಿಟ್ಟೆ.

ಎರಡೂ ಬಕೆಟ್ಟಿನಲ್ಲಿ ಗಿಡ ಬಂತು. ಎಲಚಿ ಎಲೆಯ ಮೇಲ್ಭಾಗ ಹಸಿರಾಗಿ ಹೊಳೆಯುತ್ತದೆ, ಕೆಳಭಾಗ ಬೂದಿ ಬಳಿದಂತೆ ಬೆಳ್ಳಗಿರುತ್ತದೆ. ಎಲೆ ಬುಡದಲ್ಲಿ ಮುಳ್ಳು ಜೋಡಿಯಾಗಿ ಬರುತ್ತದೆ. ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯ ಹಾಗೆ. ನೀವೂ ಬೇಲಿ ಹತ್ತಿರ ಹೋಗಿ ನೋಡಿ. ಅದೇ ವರ್ಷ ರಸ್ತೆ ಅಗಲ ಮಾಡುವಾಗ ಹೊಲದ ಬದುವಿನ ಮರ ಕಡಿದರು. ಅವತ್ತು ಅಜ್ಜಿ ಊಟ ಮಾಡಲಿಲ್ಲ. ಆ ಮರದ ಗುರುತಾಗಿ ನಮ್ಮ ಮನೆಯಲ್ಲಿ ಈ ಎರಡು ಗಿಡ ಮಾತ್ರ ಉಳಿದವು.

ನಾನು ದಿನಾ ಎರಡು ಹೊತ್ತು ನೀರು ಹಾಕುತ್ತಿದ್ದೆ. ತಮ್ಮ ನೆನಪಾದಾಗ ಹಾಕುತ್ತಿದ್ದ. ಕಳೆದ ಬೇಸಿಗೆಯಲ್ಲಿ ಎರಡು ಗಿಡದ ಎಲೆಗಳೂ ಹಳದಿಯಾಗಿ ಉದುರಿದವು. ನನಗೆ ಭಯವಾಗಿ ನನ್ನ ಗಿಡಕ್ಕೆ ಇನ್ನೂ ಜಾಸ್ತಿ ನೀರು ಸುರಿದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ನೀರು ಉಳಿಸಿಕೊಳ್ಳುವುದು ಎಲಚಿಯ ಗುಣ ಎಂದು ವಿಜ್ಞಾನದ ಮೇಷ್ಟ್ರು ಆಮೇಲೆ ಹೇಳಿದರು. ಆಗ ನನಗೆ ಗೊತ್ತಿರಲಿಲ್ಲ.

ತಮ್ಮ ರಜೆಗೆ ಮಾವನ ಊರಿಗೆ ಹೋಗಿದ್ದ. ಅವನಿಲ್ಲದಾಗ ಎರಡು ಮಳೆ ಬಂತು. ಎಡಗಡೆ ಗಿಡದಲ್ಲಿ ಸಣ್ಣ ಸಣ್ಣ ಚಿಗುರು ಬಂತು. ನನ್ನದು ಕಡ್ಡಿಯಾಗೇ ನಿಂತಿತ್ತು. ದಿನಾ ನೀರು ಹಾಕಿದವಳು ನಾನು, ಬದುಕಿದ್ದು ಅವನ ಗಿಡ! ನನಗೆ ತುಂಬಾ ಹೊಟ್ಟೆಕಿಚ್ಚಾಯಿತು. ಯಾರೂ ಇಲ್ಲದ ಹೊತ್ತಿನಲ್ಲಿ ಬಕೆಟ್ಟುಗಳನ್ನು ಅದಲು ಬದಲು ಮಾಡಿಬಿಟ್ಟೆ.

ತಮ್ಮ ಬಂದವನೇ ಚೀಲ ಕೂಡ ಇಳಿಸದೆ ಗಿಡದ ಹತ್ತಿರ ಓಡಿದ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಅಕ್ಕ, ನಾನು ಊರಿಗೆ ಹೋಗಿದ್ದಕ್ಕೇ ಇದು ಸತ್ತೋಯ್ತಾ?" ಎಂದು ಅತ್ತ. ನಾನು ಏನೂ ಹೇಳಲಿಲ್ಲ. ಅವನು ಮೂರು ದಿನ ಆ ಒಣಕಡ್ಡಿಗೆ ಲೋಟದಲ್ಲಿ ನೀರು ತಂದು ಹಾಕಿದ. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ನಾಲ್ಕನೇ ದಿನ ಅಜ್ಜಿ ಉಗುರಿನಿಂದ ಕಡ್ಡಿಯ ತೊಗಟೆ ಕೆರೆದು ನೋಡಿದಳು. ಜೀವ ಇದ್ದರೆ ಒಳಗೆ ಹಸಿರು ಇರಬೇಕು. ಅದು ಕಂದಾಗಿತ್ತು. ಮಣ್ಣು ಚೆಲ್ಲಿದರೆ ಕೊಳೆತ ವಾಸನೆ, ಬೇರೆಲ್ಲ ಕರ‍್ರಗಾಗಿತ್ತು. ಅಜ್ಜಿ ಬಕೆಟ್ಟಿನ ತಳ ನೋಡಿದಳು. ತೂತು ಇರಲಿಲ್ಲ. ನನ್ನ ಮುಖ ನೋಡಿ, "ಇದು ಯಾರ್ದವ್ವ?" ಎಂದಳು. ಅಷ್ಟೇ ಕೇಳಿದ್ದು. ನನಗೆ ಅಳು ಬಂತು. ಎಲ್ಲಾ ಹೇಳಿಬಿಟ್ಟೆ.

ತಮ್ಮ ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡಿದ್ದೆ. ಅವನು "ಹಂಗಾದ್ರೆ ನಂದು ಸತ್ತಿಲ್ವಾ?" ಎಂದು ಕುಣಿದ. ಅವನು ಬೈದಿದ್ದರೇ ಚೆನ್ನಾಗಿತ್ತು. ಅಜ್ಜಿಯೂ ಹೊಡೆಯಲಿಲ್ಲ. "ನೀರು ಹಾಕೋದು ಒಂದೇ ಸಾಕೋದಲ್ಲ ಕಣವ್ವ, ಅದಕ್ಕೆ ಬೇಕಾ ಅಂತಾನೂ ನೋಡ್ಬೇಕು" ಅಂದಳು.

ಈಗ ಆ ಗಿಡ ನನ್ನ ಸೊಂಟದವರೆಗೆ ಬೆಳೆದಿದೆ. ತಮ್ಮನೇ ಯಜಮಾನ, ಅವನು ಹೇಳಿದರೆ ಮಾತ್ರ ನಾನು ನೀರು ಹಾಕುತ್ತೇನೆ. ಮೊದಲು ಬೆರಳನ್ನು ಮಣ್ಣಿಗೆ ಇಳಿಸಿ ನೋಡುತ್ತೇವೆ. ಒಣಗಿದ್ದರೆ ಹಾಕುತ್ತೇವೆ, ಒದ್ದೆ ಇದ್ದರೆ ಇಲ್ಲ. ದಿನವೆಲ್ಲ ಬಿಸಿಲು ಬೀಳುವ ಕಡೆ ಇಟ್ಟಿದ್ದೇವೆ. ಎಲಚಿ ಎಲೆ ಕಂಡರೆ ಆಡು ಬಿಡುವುದಿಲ್ಲ, ಅದಕ್ಕೆ ಸುತ್ತ ಕಡ್ಡಿ ಕಟ್ಟಿದ್ದೇವೆ. ಎಲಚಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ, ಬಕೆಟ್ಟು ಅದಕ್ಕೆ ಸಾಲದು. ಮುಂದಿನ ಮಳೆಗಾಲದಲ್ಲಿ ಬೇರು ಅಲುಗದ ಹಾಗೆ ಬಕೆಟ್ಟು ಕತ್ತರಿಸಿ, ಹೊಲದ ಬದುವಿನಲ್ಲಿ ನೆಡಬೇಕೆಂದು ಅಪ್ಪ ಹೇಳಿದ್ದಾರೆ.

ಹಣ್ಣು ಬಿಡಲು ಇನ್ನೂ ಕೆಲವು ವರ್ಷ ಬೇಕು. ಮೊದಲನೇ ಹಣ್ಣು ತಮ್ಮನಿಗೆ. ಅವನು ಕೊಟ್ಟರೆ ನನಗೆ.

ಸ್ನೇಹಿತರೇ, ನೀವೂ ಡಬ್ಬದಲ್ಲೋ ಬಕೆಟ್ಟಿನಲ್ಲೋ ಗಿಡ ಹಾಕಿ. ಆದರೆ ಮಣ್ಣು ತುಂಬುವ ಮೊದಲು ತಳಕ್ಕೆ ತೂತು ಮಾಡುವುದನ್ನು ಮರೆಯಬೇಡಿ. ತಪ್ಪು ಮಾಡಿದರೆ ಮೂರು ದಿನ ಕಾಯದೆ ಅವತ್ತೇ ಹೇಳಿಬಿಡಿ.

– 7ನೇ ತರಗತಿ ವಿದ್ಯಾರ್ಥಿನಿ