ಬೆಳ್ಳಿಯ ಕಣ, ಮೂಳೆಯ ಸಾರ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ, ಸಲ್ಲೇಖನ ವ್ರತದಿಂದ ದೇಹ ತ್ಯಜಿಸಿದ ಮುನಿಗಳ, ಕಂತಿಯರ ನಿಸಿದಿ ಶಾಸನಗಳಿವೆ. ಅವುಗಳ ಚಿತ್ರಗಳನ್ನು ನಾನು ಮೊದಲು ತೆಗೆದುದು ಕಪ್ಪುಬಿಳುಪು ಫಿಲ್ಮಿನಲ್ಲಿ. ಒಂದು ರೀಲಿಗೆ 36 ಚಿತ್ರಗಳಷ್ಟೇ. ಆದ್ದರಿಂದ ಬೆಳಗಿನ ಓರೆಬಿಸಿಲು ಅಕ್ಷರಗಳ ಗೀರುಗಳಲ್ಲಿ ನೆರಳು ತುಂಬುವವರೆಗೆ ಕಾದು ಕುಳಿತಿರಬೇಕಾಗುತ್ತಿತ್ತು. ಸವೆದ ಎಷ್ಟೋ ಅಕ್ಷರಗಳನ್ನು ನಾನು ಓದಿಕೊಂಡದ್ದು ಹಾಗೆ ಕಾಯುವಾಗಲೇ.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಫಿಲ್ಮಿನ ಆಯುಷ್ಯ ತೀರಿತೆಂದೇ ಎಲ್ಲರಂತೆ ನಾನೂ ಭಾವಿಸಿದ್ದೆ. 2012ರಲ್ಲಿ ಕೊಡಕ್ ಸಂಸ್ಥೆ ದಿವಾಳಿಯ ಅಂಚಿಗೆ ಬಂದು ನ್ಯಾಯಾಲಯದ ರಕ್ಷಣೆ ಕೋರಿತು. ಅದೇ ವರ್ಷ ಎಕ್ಟಾಕ್ರೋಮ್ ಎಂಬ ತನ್ನ ಬಣ್ಣದ ಫಿಲ್ಮನ್ನು ನಿಲ್ಲಿಸಿತು. ಆದರೆ 2018ರಲ್ಲಿ ಎಕ್ಟಾಕ್ರೋಮ್ ಮರಳಿ ಬಂದಿತು. ಫ್ಯೂಜಿಫಿಲ್ಮ್ ಕೈಬಿಟ್ಟಿದ್ದ ಆಕ್ರೋಸ್ ಎಂಬ ಕಪ್ಪುಬಿಳುಪು ಫಿಲ್ಮು 2019ರಲ್ಲಿ ಹೊಸ ರೂಪ ತಳೆಯಿತು. ಡಿಜಿಟಲ್ ಯುಗದಲ್ಲೇ ಹುಟ್ಟಿ ಬೆಳೆದ ತರುಣರು ಹಳೆಯ ಕ್ಯಾಮೆರಾಗಳನ್ನು ಹುಡುಕಿ ಕೊಳ್ಳುತ್ತಿದ್ದಾರೆ. ಇದು ನನಗೆ ಅರ್ಥವಾಗುತ್ತದೆ. ನೆಗೆಟಿವ್ ಎಂಬುದು ಕೈಯಲ್ಲಿ ಹಿಡಿಯಬಹುದಾದ ವಸ್ತು. ಅಂದು ಬಂಡೆಯಿಂದ ಹೊರಟ ಬೆಳಕೇ ಅದರ ಬೆಳ್ಳಿಯನ್ನು ಮಾರ್ಪಡಿಸಿದೆ. ದೀಪದೆದುರು ಹಿಡಿದರೆ ಸಾಕು, ನೋಡಲು ಬೇರೆ ಯಂತ್ರ ಬೇಡ.

ಈ ಸಂತೋಷದೊಳಗೆ ನನಗೊಂದು ಮುಳ್ಳಿದೆ. ಬೆಳ್ಳಿಯ ಲವಣದ ಕಣಗಳನ್ನು ಫಿಲ್ಮಿನ ಮೇಲೆ ಹಿಡಿದಿಡುವುದು ಜಿಲೆಟಿನ್. ಅದು ಪ್ರಾಣಿಗಳ ಮೂಳೆ, ತೊಗಲುಗಳಿಂದ ತೆಗೆದ ಸಾರ. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಸೂಚಿಸಿದ ಈ ಮಾರ್ಗವೇ ಇಂದಿಗೂ ನಡೆದಿದೆ. ಪ್ರಾಣಿಗಳು ಮೇಯ್ದ ಸಾಸಿವೆ ಜಾತಿಯ ಗಿಡಗಳಿಂದ ಜಿಲೆಟಿನ್‌ಗೆ ಸೇರುವ ಗಂಧಕದ ಅಂಶ ಫಿಲ್ಮು ಬೆಳಕಿಗೆ ಸ್ಪಂದಿಸುವ ಶಕ್ತಿಯನ್ನು ಹೆಚ್ಚಿಸುತ್ತದೆಂದು 1920ರ ದಶಕದಲ್ಲಿ ಕೊಡಕ್‌ನ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ ಕಂಡುಕೊಂಡರು. ಅಂದರೆ ಜೀವವೊಂದು ಮೇಯ್ದ ಮೇವಿನ ಋಣವೂ ಆ ಚಿತ್ರಗಳಲ್ಲಿದೆ.

ಅನ್ಯ ಜೀವಕ್ಕೆ ನೋವಾಗದಂತೆ ಬದುಕಿ, ಕೊನೆಗೆ ಆಹಾರವನ್ನೂ ತೊರೆದವರ ಶಾಸನಗಳನ್ನು ನಾನು ಸಂಗ್ರಹಿಸಿದ್ದು ಇಂಥ ಸಾರದ ಮೇಲೆ! ಇದನ್ನು ತಿಳಿದ ದಿನದಿಂದ ಹೊಸ ಫಿಲ್ಮು ಕೊಂಡಿಲ್ಲ. ಈಗ ಡಿಜಿಟಲ್ ಕ್ಯಾಮೆರಾದಲ್ಲೇ ನನ್ನ ಕೆಲಸ. ಹಳೆಯ ನೆಗೆಟಿವ್‌ಗಳನ್ನು ಮಾತ್ರ ಎಸೆಯಲಾರೆ. ಎಸೆದರೆ ಹೋದ ಜೀವ ಮರಳುವುದಿಲ್ಲ, ಅದರ ಮೇಲಿನ ಅಕ್ಷರವೂ ಅಳಿಯುತ್ತದೆ. ಪ್ರತಿ ಮಳೆಗಾಲ ಕಳೆದೊಡನೆ ಪೆಟ್ಟಿಗೆ ತೆರೆದು, ಬೂಷ್ಟು ಹಿಡಿದಿದೆಯೇ ಎಂದು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ.

ಫಿಲ್ಮು ಉಳಿಯಲಿ ಎಂಬುದು ನನ್ನ ಹಾರೈಕೆ. ಆದರೆ ಮೂಳೆಯ ಹಂಗಿಲ್ಲದ ಫಿಲ್ಮು ಬರುವವರೆಗೆ ನನ್ನ ಹಳೆಯ ಕ್ಯಾಮೆರಾ ಖಾಲಿಯಾಗಿಯೇ ಇರುತ್ತದೆ.