ಆ ವರ್ಷದ ಕಿಡಿಯೊ

ಕೊಂಕಣಿಯಲ್ಲಿ ‘ಕಿಡಿಯೊ’ ಎಂದರೆ ಹುಳುಗಳು. ಕ್ರಿಸ್ಮಸ್ ಹತ್ತಿರ ಬಂತೆಂದರೆ ಮಂಗಳೂರಿನ ಕಥೋಲಿಕರ ಮನೆಗಳಲ್ಲಿ ದೊಡ್ಡವರು ಮಕ್ಕಳು ಎಲ್ಲ ಕೂತು ಹುಳು ಸುತ್ತುತ್ತೇವೆ, ಎಣ್ಣೆಯಲ್ಲಿ ಕರಿಯುತ್ತೇವೆ, ಸಕ್ಕರೆ ಪಾಕದಲ್ಲಿ ಹೊರಳಿಸಿ ತಿನ್ನುತ್ತೇವೆ! ಗಾಬರಿಯಾಗಬೇಡಿ. ಮೈಮೇಲೆ ಗೆರೆಗಳಿರುವ, ಸುರುಳಿ ಸುತ್ತಿಕೊಂಡ, ಬಾಯಿಗೆ ಹಾಕಿದರೆ ಬಿಸ್ಕತ್ತಿನ ಹಾಗೆ ಕರುಂ ಎನ್ನುವ ಮೈದಾದ ತಿಂಡಿ ಅದು. ಈ ಹೆಸರಿಟ್ಟವರು ಖಂಡಿತ ಯಾರೋ ಮಕ್ಕಳೇ ಇರಬೇಕು.

ಹಬ್ಬದ ತಿಂಡಿಗಳನ್ನೆಲ್ಲ ಸೇರಿಸಿ ನಾವು ‘ಕುಸ್ವಾರ್’ ಎನ್ನುತ್ತೇವೆ. ಕಿಡಿಯೊ, ನೆವ್ರಿ, ಗುಳಿಯೊ, ಹೂವಿನ ಅಚ್ಚಿನ ಕೊಕ್ಕಿಸಾಂ, ಅಕ್ಕಿ ಲಾಡು, ಚಕ್ಕುಲಿ, ನಂಕಟಾಯಿ, ಕೇಕು. ಈಗ ಬೇಕರಿಗಳಲ್ಲಿ ಇವೆಲ್ಲದರ ಪೊಟ್ಟಣ ಸಿಗುತ್ತದೆ. ಆಗ ಎಲ್ಲವೂ ಮನೆಯಲ್ಲೇ ಆಗಬೇಕಿತ್ತು. ತಟ್ಟೆ ತುಂಬ ಜೋಡಿಸಿ, ಮೇಲೆ ಕಸೂತಿಯ ಬಟ್ಟೆ ಮುಚ್ಚಿ ನೆರೆಮನೆಗಳಿಗೆ ಹಂಚುವುದು ಪದ್ಧತಿ. ನಾಗರಪಂಚಮಿಗೆ ಅವರ ಮನೆಯ ಅರಸಿನ ಎಲೆಯ ಗಟ್ಟಿ ನಮಗೆ, ಡಿಸೆಂಬರಿನಲ್ಲಿ ನಮ್ಮ ಕುಸ್ವಾರ್ ಅವರಿಗೆ. ನಮ್ಮ ಮನೆಯಿಂದ ಹನ್ನೆರಡು ತಟ್ಟೆ ಹೋಗುತ್ತಿತ್ತು. ಎಂಟು ಬಗೆಯಲ್ಲಿ ಒಂದು ಕಡಿಮೆಯಾದರೂ ನನಗೆ ಆ ರಾತ್ರಿ ನಿದ್ದೆ ಇಲ್ಲ.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ನನ್ನ ಗಂಡ ಅಲ್ಲೊಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಐದು ವಾರ ಪತ್ರವಿಲ್ಲ, ಫೋನಿಲ್ಲ. ಆ ದಿನಗಳಲ್ಲಿ 1,70,000ಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಊರಿಗೆ ಕರೆತಂದರು. ಅವರಲ್ಲಿ ಇವರೂ ಒಬ್ಬರು. ಬಸ್ಸಿನಲ್ಲಿ ಇರಾಕ್ ದಾಟಿ ಜೋರ್ಡಾನ್ ಸೇರಿ, ಡೇರೆಯಲ್ಲಿ ಸರದಿ ಕಾದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ ಹತ್ತಿ ಬೊಂಬಾಯಿಯಲ್ಲಿ ಇಳಿದರು. ಕೊಂಕಣ ರೈಲು ಇನ್ನೂ ಬಂದಿರಲಿಲ್ಲ. ಅಲ್ಲಿಂದ ಮಂಗಳೂರಿಗೆ ಮತ್ತೆ ಬಸ್ಸು. ಕೈಯಲ್ಲಿ ಒಂದು ರೆಗ್ಸಿನ್ ಚೀಲ. ಒಂಬತ್ತು ವರ್ಷ ದುಡಿದು ಕೂಡಿಸಿದ್ದು ಅಲ್ಲಿಯ ಬ್ಯಾಂಕಿನಲ್ಲೇ ಸಿಕ್ಕಿಬಿತ್ತು.

ಜೀವ ಸಹಿತ ಬಂದರಲ್ಲ ಎಂದು ಹರಕೆ ತೀರಿಸಿದೆವು. ಆದರೆ ಬಂದವರು ಮಾತು ಬಿಟ್ಟಿದ್ದರು. ಜಗಲಿಯ ಕುರ್ಚಿಯಲ್ಲಿ ಕೂತರೆ ಕೂತೇ. ಗೇಟು ದಾಟಿ ಹೊರಗೆ ಹೋಗುತ್ತಿರಲಿಲ್ಲ. ಕಿರಿಯ ಮಗನಿಗೆ ಆಗ ನಾಲ್ಕು ವರ್ಷ. ಅವನು ಅಪ್ಪನನ್ನು ನೋಡಿದ್ದೇ ಎರಡು ರಜೆಗಳಲ್ಲಿ. ‘ಕುವೈತ್ ಪಪ್ಪ’ ಎಂದೇ ಕರೆಯುತ್ತಿದ್ದ. “ಕುವೈತ್ ಪಪ್ಪ ವಾಪಸು ಹೋಗುವುದು ಯಾವಾಗ?” ಎಂದು ಒಂದು ದಿನ ಅವರ ಎದುರೇ ಕೇಳಿಬಿಟ್ಟ. ಬೇಸರದಿಂದಲ್ಲ; ಬಂದವರು ಹೋಗುತ್ತಾರೆ ಎಂಬುದಷ್ಟೇ ಅವನಿಗೆ ಗೊತ್ತಿದ್ದ ಕ್ರಮ. ಇವರು ಎದ್ದು ಬಾವಿಕಟ್ಟೆಯ ಕಡೆ ಹೋದರು.

ಡಿಸೆಂಬರ್ ಬಂತು. ಈ ಸಲ ಕುಸ್ವಾರ್ ಬೇಡ ಎಂದು ನಾನು ನಿಶ್ಚಯಿಸಿದೆ. ಹಣವಿಲ್ಲದ್ದು ನಿಜ. ಆದರೆ ನಿಜ ಹೇಳಬೇಕೆಂದರೆ ನಾಚಿಕೆಯೇ ಹೆಚ್ಚಿತ್ತು. ಪ್ರತಿ ವರ್ಷ ಗಲ್ಫಿನ ಖರ್ಜೂರ, ಬಾದಾಮಿ ಹಾಕಿದ ಕೇಕು ಹಂಚಿದ ಮನೆಯಿಂದ ಅರೆ ತಟ್ಟೆ ಕಳಿಸುವುದು ಹೇಗೆ?

ಅತ್ತೆ ಒಪ್ಪಲಿಲ್ಲ. “ಒಂದು ಕಿಲೋ ಮೈದಾ ಇದೆಯಲ್ಲ? ಹಿತ್ತಲಿನಲ್ಲಿ ತೆಂಗಿನಕಾಯಿ ಇದೆ. ಮಕ್ಕಳು ಹುಳು ಮಾಡಲಿ” ಎಂದರು.

ಕಿಡಿಯೊ ಕಲಸುವುದು ಸುಲಭ, ಹದ ಕಷ್ಟ. ಮೈದಾಕ್ಕೆ ಚಿಟಿಕೆ ಉಪ್ಪು, ಬಿಸಿ ಮಾಡಿದ ಒಂದೆರಡು ಚಮಚ ತುಪ್ಪ, ದಪ್ಪ ತೆಂಗಿನ ಹಾಲು. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಿರಬೇಕು. ಒದ್ದೆ ಬಟ್ಟೆ ಮುಚ್ಚದಿದ್ದರೆ ಒಣಗಿ ಬಿರಿಯುತ್ತದೆ. ಚಿಕ್ಕ ಉಂಡೆಯನ್ನು ಹೊಸ ಬಾಚಣಿಗೆಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ, ತುದಿ ಎಬ್ಬಿಸಿ ಸುತ್ತಬೇಕು. ಮೆಲ್ಲಗೆ ಒತ್ತಿದರೆ ಗೆರೆ ಮೂಡದು, ಜೋರಾಗಿ ಒತ್ತಿದರೆ ಹಿಟ್ಟು ಹಲ್ಲಿಗೆ ಅಂಟುತ್ತದೆ. ಅಂಚು ಸರಿಯಾಗಿ ಕೂಡದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ.

ಚಾಪೆ ಹಾಸಿದೆ. ಎಂಟು ವರ್ಷದ ದೊಡ್ಡವನ ಕೈಗೆ ಫೋರ್ಕು, ಆರು ವರ್ಷದ ಮಗಳಿಗೆ ಬಾಚಣಿಗೆ, ಕಿರಿಯವನಿಗೂ ಒಂದು. “ತಲೆ ಬಾಚಿದ್ದಲ್ಲ ತಾನೆ?” ಎಂದು ಮಗಳು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಕಿರಿಯವನು ಮಾಡಿದ್ದು ಹುಳುವಲ್ಲ, ಹೆಬ್ಬಾವು. ಅದೂ ಬಾಚಣಿಗೆಗೆ ಅಂಟಿಕೊಂಡು ಬಾರದೆ ಅಳುವುದಕ್ಕೆ ಶುರುಮಾಡಿದ. ನನ್ನ ಕೈ ಹಿಟ್ಟಿನಲ್ಲಿ, ಅತ್ತೆ ಒಲೆಯ ಮುಂದೆ.

ಆಗ ಜಗಲಿಯಿಂದ ಇವರು ಎದ್ದು ಬಂದರು. ಏನೂ ಹೇಳದೆ ಚಾಪೆಯ ಮೇಲೆ ಕೂತು, ಮಗನ ಪುಟ್ಟ ಹೆಬ್ಬೆರಳಿನ ಮೇಲೆ ತಮ್ಮ ಹೆಬ್ಬೆರಳಿಟ್ಟು ಒತ್ತಿ, ಸುತ್ತಿಸಿದರು. ಚಿಕ್ಕಂದಿನಲ್ಲಿ ಕಲಿತದ್ದನ್ನು ಕೈ ಮರೆತಿರಲಿಲ್ಲ. ಮಗ ಆ ಹುಳುವನ್ನು ಅಂಗೈಯಲ್ಲಿಟ್ಟು ನೋಡಿದ.

“ಕುವೈತಿನಲ್ಲಿ ಕಿಡಿಯೊ ಮಾಡುತ್ತಾರಾ?”

“ನಾನು ಮಾಡಲಿಲ್ಲ ಪುತಾ. ಮಮ್ಮಿ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಸಿ ಯಾರ ಕೈಯಲ್ಲಾದರೂ ಕಳಿಸುತ್ತಿದ್ದಳು. ನನಗೆ ಸಿಗುವಾಗ ಎಲ್ಲ ಪುಡಿ.”

“ಪುಡಿಯನ್ನು ಎಂತ ಮಾಡಿದಿರಿ?”

“ಚಮಚದಲ್ಲಿ ತಿಂದೆ.”

ಮಕ್ಕಳು ಮೂವರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಪ್ರತಿ ಜನವರಿಯಲ್ಲೂ ಅವರ ಪತ್ರ ಬರುತ್ತಿತ್ತು: ‘ಕಿಡಿಯೊ ಸಿಕ್ಕಿತು. ಒಂದೂ ಮುರಿದಿರಲಿಲ್ಲ.’

ಆ ಸಂಜೆ ಅವರು ಮಾತಾಡಿದರು, ನನ್ನೊಂದಿಗಲ್ಲ, ಮಕ್ಕಳೊಂದಿಗೆ. ಹುಳು ಸುತ್ತುತ್ತಲೇ ಬಿಸಿಲಿನ ಕಥೆ, ನೀರಿನ ಸಾಲಿನ ಕಥೆ, ಡೇರೆಯಲ್ಲಿ ಏಳು ಜನ ಒಂದೇ ಪೊಟ್ಟಣ ಬಿಸ್ಕತ್ತನ್ನು ಎಣಿಸಿ ಹಂಚಿಕೊಂಡ ಕಥೆ. ನಾನು ಕರಿಯುತ್ತ ಎಲ್ಲ ಕೇಳಿಸಿಕೊಂಡೆ. ಪಾಕದಲ್ಲಿ ಹೊರಳಿಸಿದ ಕಿಡಿಯೊ ಆರಿ ಬೆಳ್ಳಗಾಗುವಾಗ ಮಗಳು ಹೇಳಿದಳು: “ಏಳು ಜನಕ್ಕೆ ಒಂದು ಪೊಟ್ಟಣ ಸಾಕಾಯಿತಲ್ಲ ಮಮ್ಮಿ? ಹನ್ನೆರಡು ಮನೆಗೆ ಇದು ಸಾಕು.”

ನನ್ನ ಬಳಿ ಉತ್ತರವಿರಲಿಲ್ಲ. ತಟ್ಟೆಯ ಬದಲು ಬಸಿಗಳನ್ನು ಇಳಿಸಿದೆ. ಅವಳು ಎಣಿಸಿ ಎಣಿಸಿ ಹಾಕಿದಳು. ಪ್ರತಿ ಬಸಿಯಲ್ಲೂ ತನ್ನದೊಂದು ಹೆಬ್ಬಾವು ಇರಲೇಬೇಕೆಂದು ಕಿರಿಯವನ ಹಟ. ಹಂಚಲು ಹೊರಟಾಗ ಬಸಿಗಳ ಹರಿವಾಣ ಹಿಡಿದವರು ಇವರೇ. ಮೂರು ತಿಂಗಳ ಮೇಲೆ ಅವರು ಗೇಟು ದಾಟಿದ್ದು ಅಂದು.

ಪಕ್ಕದ ಮನೆಯ ಅಕ್ಕ, “ಈ ಸಲ ಕಿಡಿಯೊ ಮಾತ್ರವಾ?” ಎಂದು ಸಹಜವಾಗಿಯೇ ಕೇಳಿದರಂತೆ. ನಾನಾಗಿದ್ದರೆ ಭೂಮಿಗಿಳಿಯುತ್ತಿದ್ದೆ. ಕಿರಿಯವನು ಎದೆಯುಬ್ಬಿಸಿ, “ಹೌದು. ನಾನು ಮತ್ತು ಪಪ್ಪ ಮಾಡಿದ್ದು” ಅಂದನಂತೆ. ‘ಕುವೈತ್’ ಎಂಬ ಮಾತು ಎಲ್ಲಿ ಉದುರಿತೋ ಯಾರಿಗೂ ತಿಳಿಯಲಿಲ್ಲ.

ಕಳೆದುಕೊಂಡದ್ದನ್ನು ನಾನು ಲಾಭ ಎನ್ನಲಾರೆ. ಆ ಸಾಲ ತೀರಿಸಲು ವರ್ಷಗಳೇ ಹಿಡಿದವು. 1991ರ ಫೆಬ್ರುವರಿಯಲ್ಲಿ ಕುವೈತ್ ಬಿಡುಗಡೆಯಾಯಿತು. ಮಾರನೆಯ ವರ್ಷ ಇವರು ಮತ್ತೆ ಹೊರಟರು. ಮಕ್ಕಳ ಓದು ಇತ್ತು, ಬೇರೆ ದಾರಿ ಇರಲಿಲ್ಲ. ಹೊರಟ ದಿನ ಕಿರಿಯವನು ಅವರ ಅಂಗಿಯನ್ನು ಬಿಡದೆ ಹಿಡಿದು ಅತ್ತ. ಹಿಂದೆ ಎಂದೂ ಅತ್ತವನಲ್ಲ. ಅವನ ಅಳು ನೋಡಿ ನನಗೆ ಸಂಕಟದ ನಡುವೆಯೂ ಏನೋ ಒಂದು ಸಮಾಧಾನ.

ಆ ಡಿಸೆಂಬರಿನಲ್ಲಿ ಮಕ್ಕಳು ಸುತ್ತಿದ ಕಿಡಿಯೊವನ್ನು ಎಂದಿನಂತೆ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಸಿ ಕಳಿಸಿದೆ. ಜೊತೆಗೆ ಒಂದು ಚಮಚವನ್ನೂ ಇಟ್ಟೆ.