ಸೈರನ್ನಿಗೆ ಏಳುತ್ತಿದ್ದ ಕಾಲೊನಿ

ಎಂಬತ್ತರ ದಶಕದಲ್ಲಿ ನಮ್ಮ ಮಾಯಸಂದ್ರದ ಕಡೆ ಹುಡುಗನಿಗೆ ಎಚ್‌ಎಂಟಿಯಲ್ಲಿ ಕೆಲಸ ಎಂದರೆ ಹೆಣ್ಣು ಕೊಡುವವರು ತೋಟ ಎಷ್ಟು ಎಕರೆ ಎಂದು ವಿಚಾರಿಸುತ್ತಿರಲಿಲ್ಲ, ‘ಕ್ವಾರ್ಟರ್ಸ್ ಸಿಕ್ಕಿದೆಯಾ?’ ಎಂದು ಕೇಳುತ್ತಿದ್ದರು. ನಮ್ಮ ಚಿಕ್ಕಪ್ಪನಿಗೆ ಸಿಕ್ಕಿತ್ತು. ಬೇಸಿಗೆ ರಜ ಬಂತೆಂದರೆ ಒಂದು ಚೀಲ ತೆಂಗಿನಕಾಯಿ ಹೊತ್ತು ಅವರಿದ್ದ ಜಾಲಹಳ್ಳಿಯ ಬಸ್ಸು ಹತ್ತುತ್ತಿದ್ದೆ.

1953ರಲ್ಲಿ ಯಂತ್ರೋಪಕರಣಕ್ಕೆಂದು ಹುಟ್ಟಿದ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರಕ್ಕೆ ಇಳಿಯಿತು. ನೆಹರೂ ಕಾಲದ ಯೋಜನೆ ಬರೀ ಷೆಡ್ಡು ಎಬ್ಬಿಸಿ ಸುಮ್ಮನಾಗಲಿಲ್ಲ, ಪಕ್ಕದಲ್ಲೇ ಮನೆ, ಶಾಲೆ, ಆಸ್ಪತ್ರೆ, ಮೈದಾನ ಕಟ್ಟಿಸಿತು. ಬೆಳಗ್ಗೆ ಸೈರನ್ ಕೂಗುವ ಹೊತ್ತಿಗೆ ಚಿಕ್ಕಮ್ಮ ಸ್ಟೌ ಹಚ್ಚಿರುತ್ತಿದ್ದರು, ಚಿಕ್ಕಪ್ಪ ಸೈಕಲ್ಲಿನ ಗಾಳಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ರಸ್ತೆ ತುಂಬ ಸೈಕಲ್ಲು, ಖಾಕಿ ಅಂಗಿ. ಎರಡನೇ ಸೈರನ್ ಆದ ಮೇಲೆ ಬೀದಿಯಲ್ಲಿ ಗಂಡಸರೇ ಇಲ್ಲ. ಹುದ್ದೆಗೆ ತಕ್ಕ ಮನೆಯಾದ್ದರಿಂದ ಯಾರ ಸಂಬಳ ಎಷ್ಟು ಎಂಬುದು ಬಾಗಿಲು ನೋಡಿದರೇ ತಿಳಿಯುತ್ತಿತ್ತು. ಒಂದು ಗೋಡೆಯಾಚೆ ತಮಿಳು, ಇನ್ನೊಂದರಾಚೆ ಮಲಯಾಳ. ಚಿಕ್ಕಮ್ಮ ಕಾಯಿ ಎಲ್ಲರಿಗೂ ಹಂಚುತ್ತಿದ್ದರು.

ಚೀನಾದಲ್ಲೂ ಆಗ ‘ದಾನ್‌ವೇ’ ಎಂಬ ಕೆಲಸದ ಘಟಕವೇ ಮನೆ, ಊಟ, ವೈದ್ಯ ಎಲ್ಲ ಕೊಡುತ್ತಿತ್ತಂತೆ. ಮದುವೆಗೂ ಅದರ ಪತ್ರ ಬೇಕಿತ್ತು! ನಮ್ಮಲ್ಲಿ ಅಷ್ಟು ಬಿಗಿಯಿರಲಿಲ್ಲ, ಯೂನಿಯನ್ನಿನವರು ಗೇಟಿನಲ್ಲೇ ನಿಂತು ಮ್ಯಾನೇಜರನ್ನು ಬೈಯಬಹುದಿತ್ತು.

1991ರ ಉದಾರೀಕರಣದ ನಂತರ ಕಾಲೊನಿ ಒಂದೊಂದೇ ಮನೆಯಾಗಿ ಖಾಲಿಯಾಯಿತು. ಪೇಟೆಯಲ್ಲಿ ಟೈಟನ್ ಗಡಿಯಾರ ಬಂದಿತ್ತು, ಇಲ್ಲಿ ಸ್ವಯಂನಿವೃತ್ತಿ ಬಂತು. ಚಿಕ್ಕಪ್ಪನೂ ಅರ್ಜಿ ಬರೆದು, ಬೀಗದ ಕೈ ಒಪ್ಪಿಸಿ ಊರಿಗೆ ಬಂದರು. ಗಡಿಯಾರದ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ. ಈಗ ಅಲ್ಲಿ ಗಡಿಯಾರಗಳ ಮ್ಯೂಸಿಯಂ ಇದೆ. ಸುತ್ತಲ ಜಾಗ ತನ್ನದೆಂದು 2024ರಲ್ಲಿ ಅರಣ್ಯ ಇಲಾಖೆ ಪಟ್ಟು ಹಿಡಿಯಿತು.

ಚೀನಾ 1998ರಲ್ಲಿ ಮನೆ ಹಂಚುವುದನ್ನು ನಿಲ್ಲಿಸುವಾಗ, ಇದ್ದ ಮನೆಗಳನ್ನು ಅಗ್ಗದ ಬೆಲೆಗೆ ಅಲ್ಲಿದ್ದ ಕಾರ್ಮಿಕರಿಗೇ ಮಾರಿತು. ನಮ್ಮಲ್ಲಿ ಕೆಲಸ ಹೋದರೆ ಸೂರೂ ಹೋಗುತ್ತಿತ್ತು. ಚಿಕ್ಕಪ್ಪನಿಗೆ ತಾತನ ತೋಟವಿತ್ತು, ಬದುಕಿಕೊಂಡರು. ತೋಟವಿಲ್ಲದವರ ಪಾಡನ್ನು ನೆಹರೂ ಕಾಲದ ಆ ಯೋಜನೆ ಮಾಡಿದವರು ಲೆಕ್ಕಕ್ಕೇ ಹಿಡಿದಿರಲಿಲ್ಲ.